ಕಂಪನಿಗೆ ಕೊಟ್ಟ ಹಾಡು

ಎನ್.ಎಸ್. ಪಾಳ್ಯದಲ್ಲಿ ನಮ್ಮ ಮನೆಯ ಪಕ್ಕದ್ದೇ ಸಿದ್ದಗಂಗಮ್ಮನ ಮನೆ. ಸುತ್ತಲೂ ಬಿಟಿಎಂ ಲೇಔಟ್ ಎದ್ದು, ರಾಗಿ ಹೊಲಗಳ ಮೇಲೆ ಬಾಡಿಗೆ ಮನೆಗಳು ನಿಂತ ಮೇಲೂ ನಮ್ಮ ಬೀದಿಯ ಮದುವೆಗಳಲ್ಲಿ ಅವಳು ಬಾರದೆ ಅರಿಶಿನ ಕುಟ್ಟುವ ಶಾಸ್ತ್ರ ಶುರುವಾಗುತ್ತಿರಲಿಲ್ಲ. ಸೋಬಾನೆ ಅಂದರೆ ಅವಳದೇ. ಬಾಯಿಯೂ ಅಷ್ಟೇ ಜೋರು. ಹಾಡಿನ ನಡುವೆ ಮಾತಾಡಿದರೆ ಬೀಗರೆಂದೂ ನೋಡದೆ ಬೈಯುವಳು. ನನ್ನ ಮದುವೆಯಲ್ಲಿ ನನ್ನ ಸೋದರತ್ತೆಯನ್ನೇ ಎಬ್ಬಿಸಿ ಹೊರಗೆ ಕಳಿಸಿದ್ದಳು. ಅತ್ತೆ ಅದನ್ನು ಸಾಯುವ ತನಕ ಮರೆಯಲಿಲ್ಲ.

ಆದರೆ ಹಾಡು ಕೊಡುವುದರಲ್ಲಿ ಅವಳದು ದೊಡ್ಡ ಕೈ. ವಿಲ್ಸನ್ ಗಾರ್ಡನ್ನಿಂದಲೋ ಅಂಜನಾಪುರದಿಂದಲೋ ಯಾರಾದರೂ ಎಲೆಅಡಿಕೆ ಹಿಡಿದು ಬಂದು ಕೇಳಿದರೆ ಸಾಕು, ಕೂರಿಸಿಕೊಂಡು ಬಾಯಿಗೆ ಬರುವ ತನಕ ಹೇಳಿಕೊಡುತ್ತಿದ್ದಳು.

"ತಗೊಂಡೋಗ್ರವ್ವಾ, ಹಾಡೇನು ಸವೆದೋಗ್ತದಾ?" ಅನ್ನುವಳು.

ಅವಳ ಹಾಡುಗಳಲ್ಲೆಲ್ಲ ದೊಡ್ಡದು ಹೆಣ್ಣೊಪ್ಪಿಸುವ ಹಾಡು. ಹೊರಟ ಮಗಳು ಹೊಸಿಲಿಗೆ, ಒರಳಿಗೆ, ಬಾವಿಗೆ, ಕೊಟ್ಟಿಗೆಯ ಕರುವಿಗೆ ಒಂದೊಂದಾಗಿ ಹೋಗಿಬರ್ತೀನಿ ಎಂದು ಹೇಳುವ ಹಾಡು. ಅದು ಶುರುವಾದರೆ ಗಂಡಸರು ಚಪ್ಪರದ ಗಳ ನೋಡುತ್ತಾ ನಿಲ್ಲುತ್ತಿದ್ದರು, ಕಣ್ಣು ಒರೆಸಿಕೊಳ್ಳಲು ನಾಚಿಕೆ ನೋಡಿ! ತುಂಬಾ ಉದ್ದದ್ದಾದ್ದರಿಂದ ಕಲಿಯಲು ಬಂದವರು ಸಣ್ಣ ಹಾಡುಗಳನ್ನೇ ಒಯ್ಯುತ್ತಿದ್ದರು. ಪೂರ್ತಿ ಬರುತ್ತಿದ್ದದ್ದು ಅವಳೊಬ್ಬಳಿಗೆ. ಸೊಸೆ ಲಕ್ಷ್ಮಿದೇವಮ್ಮ ಆಗಷ್ಟೇ ಕಲಿಯಲು ಕೂತಿದ್ದಳು.

ತೊಂಬತ್ತಾರರ ಸುಮಾರಿಗೆ ಕ್ಯಾಸೆಟ್ ಕಂಪನಿಯವನೊಬ್ಬ ಬಂದ. ಎಲೆಅಡಿಕೆ ಇಟ್ಟು ಕೇಳಬೇಕೆಂದು ಯಾರೋ ಹೇಳಿಕೊಟ್ಟಿದ್ದರು. ತಟ್ಟೆ ತುಂಬ ವೀಳ್ಯ, ಮೇಲೊಂದು ಸೀರೆ. ಸ್ಟುಡಿಯೋಗೆ ಕರೆದೊಯ್ದು ಮದುವೆಯ ಹಾಡುಗಳನ್ನೆಲ್ಲ ಹಾಡಿಸಿದ. ಕೊನೆಗೆ ಕಾಗದ ಮುಂದಿಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡ.

"ಅಮ್ಮಾ, ಇನ್ಮೇಲೆ ಈ ಹಾಡುಗಳೆಲ್ಲಾ ನಮ್ ಕಂಪನೀವು. ಬೇರೆ ಯಾರ್ಗೂ ಕೊಡಂಗಿಲ್ಲ, ಆಯ್ತಾ?"

"ಆಯ್ತು ಕಣಪ್ಪ" ಎಂದು ಸಿದ್ದಗಂಗಮ್ಮ ವೀಳ್ಯ ತೆಗೆದುಕೊಂಡಳು.

ಅವನ ಮನಸ್ಸಿನಲ್ಲಿದ್ದದ್ದು ಬೇರೆ ಕಂಪನಿಗಳು. ಆದರೆ ನಮ್ಮಲ್ಲಿ ಮಾತಿನ ಜೊತೆ ವೀಳ್ಯ ಕೈ ಬದಲಾಯಿಸಿತೆಂದರೆ ಹೆಣ್ಣು ಆ ಮನೆಗೆ ಸೇರಿತೆಂದೇ ಲೆಕ್ಕ. ಆಮೇಲೆ ಇನ್ನೊಬ್ಬರ ಮುಂದೆ ಅವಳ ಮಾತೆತ್ತುವುದೂ ತಪ್ಪು. ಸಿದ್ದಗಂಗಮ್ಮ ಹಾಡಿಗೂ ಅದನ್ನೇ ಅನ್ವಯಿಸಿದಳು. ಮುಂದಿನ ಮದುವೆಗೆ ಕರೆಯಲು ಹೋದರೆ, "ಅವೆಲ್ಲಾ ಕೊಟ್ಟಾಯ್ತು ಕಣವ್ವಾ" ಅಂದಳು. ಸೊಸೆಗೂ ಹೇಳಿಕೊಡುವುದನ್ನು ನಿಲ್ಲಿಸಿದಳು. ಲಕ್ಷ್ಮಿದೇವಮ್ಮ ಜಗಳವಾಡಿದಳು, ಊಟ ಬಿಟ್ಟಳು. ಮುದುಕಿ ಜಗ್ಗಲಿಲ್ಲ.

ಕ್ಯಾಸೆಟ್ ಬರಲೇ ಇಲ್ಲ. ಮಗ ಬೈರಣ್ಣ ಕಂಪನಿಗೆ ಹೋಗಿ ಕೇಳಿದ.

"ಸೋಬಾನೆ ಯಾರ್ ತಗೋತಾರೆ ಗುರು? ರೈಟ್ಸ್ ನಮ್ದು. ಬಿಡುಗಡೆ ಮಾಡೋದು, ಬಿಡೋದು ನಮ್ಮಿಷ್ಟ."

ಕೇಳಿ ನನಗೆ ಮೈ ಉರಿದುಹೋಯಿತು. ತಾನೂ ಹೊರಗೆ ತರಲಿಲ್ಲ, ಹಾಡುವವಳ ಬಾಯಿಗೂ ಬೀಗ ಹಾಕಿದ. ನಮ್ಮ ಬೀದಿಯ ಹೆಣ್ಣುಮಕ್ಕಳು ಸಿನಿಮಾ ಹಾಡಿನ ಸ್ಪೀಕರ್ ಮುಂದೆ ಕಾರು ಹತ್ತಿ ಹೋಗತೊಡಗಿದರು.

ಹೀಗೆ ವರ್ಷಗಳು ಕಳೆದವು. ಎರಡು ಸಾವಿರದ ಏಳರಲ್ಲಿ ಸಿದ್ದಗಂಗಮ್ಮನ ಮಹಡಿಯ ರೂಮಿಗೆ ಬಾಗಲಕೋಟೆ ಕಡೆಯ ರಾಜಶ್ರೀ ಬಾಡಿಗೆಗೆ ಬಂದಳು. ವಾರವಿಡೀ ಆಫೀಸು, ಭಾನುವಾರ ಮುದುಕಿಯರ ಹಾಡು ಹುಡುಕಿ ಇಂಟರ್ನೆಟ್ಟಿಗೆ ಹಾಕುವ ಹುಚ್ಚು. ಸಿದ್ದಗಂಗಮ್ಮ ಅಕ್ಕಿ ಆರಿಸುತ್ತಾ ಒಂದು ಜೋಗುಳ ಗುನುಗುತ್ತಿದ್ದದ್ದು ಅವಳ ಕಿವಿಗೆ ಬಿತ್ತು. ಅದು ಕಂಪನಿಗೆ ಕೊಟ್ಟದ್ದಲ್ಲ. ರೆಕಾರ್ಡ್ ಮಾಡಿಕೊಳ್ಳಲೇ ಎಂದು ರಾಜಶ್ರೀ ಕೇಳಿದಾಗ ಮುದುಕಿ ಅವಳನ್ನೇ ಕೇಳಿದಳು:

"ನೀನೂ ಬೀಗ ಹಾಕ್ತೀಯೇನೇ?"

"ಇಲ್ಲ ಅಜ್ಜಿ. ಯಾರ ಬೇಕಾದ್ರೂ ಕೇಳ್ಬಹುದು, ಹಾಡ್ಬಹುದು, ಕಾಪಿ ಮಾಡಿ ಮಂದಿಗೆ ಕೊಡಬಹುದು ಅಂತ ಬರದು ಹಾಕ್ತೀನ್ರಿ. ಯಾರಿಂದ ಬಂತು ಅಂತ ನಿಮ್ಮ ಹೆಸರು ಹೇಳ್ಬೇಕು, ಅಷ್ಟ."

"ಅದಕ್ಕೂ ಒಂದು ಕಾಗ್ದ ಬೇಕಾ? ನಾವು ಮೊದ್ಲಿಂದ್ಲೂ ಮಾಡ್ತಿದ್ದದ್ದು ಅದೇ ಅಲ್ವಾ?"

"ಬೇಕ್ರಿ. ಬರದು ಇಡಲಿಲ್ಲಂದ್ರ ಮತ್ತ್ಯಾರರ ಬಂದು ನಂದು ಅಂತಾರ."

ಜೋಗುಳ ಹಾಡಿದಳು. ಬೀಸುವ ಹಾಡು, ಹೆಸರಿಡುವ ಹಾಡನ್ನೂ ಕೊಟ್ಟಳು. ಜೋಗುಳ ನಾವು ಕಾಣದ ಊರುಗಳಿಗೆಲ್ಲ ಹೋಯಿತು. ಒಬ್ಬ ಅಂಗನವಾಡಿ ಟೀಚರ್ ಮಕ್ಕಳಿಗೆ ಕಲಿಸಿದಳು. ಧಾರವಾಡದ ಯಾರೋ ಹಾರ್ಮೋನಿಯಂ ಸೇರಿಸಿ ಹಾಡಿ ಮತ್ತೆ ಹಾಗೆಯೇ ಎಲ್ಲರಿಗೂ ಬಿಟ್ಟರು. ಕೇಳಿ ಕೇಳಿ ನಮ್ಮ ಬೀದಿಯ ಹುಡುಗಿಯರಿಗೂ ಬಂತು. ಜನ ಬರೆದದ್ದನ್ನು ರಾಜಶ್ರೀ ಓದಿ ಹೇಳುವಾಗ ಮುದುಕಿ, "ನನ್ ಹೆಸ್ರು ಹೇಳಿದ್ರಾ?" ಎಂದು ಕೇಳಿ ನಗುತ್ತಿದ್ದಳು. ಅವಳು ನಕ್ಕಿದ್ದನ್ನು ಎಷ್ಟೋ ವರ್ಷದ ಮೇಲೆ ನೋಡಿದೆ.

ರಾಜಶ್ರೀ ಹೆಣ್ಣೊಪ್ಪಿಸುವ ಹಾಡನ್ನೂ ಕೊಡಿ ಎಂದಾಗ ಮಾತ್ರ ಮುಖ ಗಂಟಿಕ್ಕಿದಳು. "ಕೊಟ್ಟ ಹೆಣ್ಣನ್ನ ಇನ್ನೊಂದ್ಸಲ ಕೊಡ್ತಾರೇನೇ?"

ಮರುವರ್ಷ ಮುದುಕಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಮೊಮ್ಮಗಳು ಶೃತಿಯ ಮದುವೆ ಗೊತ್ತಾಗಿತ್ತು. ಹಾಡು ಇನ್ನು ಉಳಿದಿದ್ದರೆ ಆ ಟೇಪಿನಲ್ಲಿ ಮಾತ್ರ. ಬೈರಣ್ಣ ಮತ್ತೆ ಓಡಿದ. ಕಂಪನಿ ಮುಚ್ಚಿ, ಆ ಮನುಷ್ಯ ಸೈಟು ಮಾರುತ್ತಿದ್ದ.

"ಆ ಟೇಪಾ? ಅದ್ರ ಮೇಲೆ ಯಾವ್ದೋ ಕಾಮಿಡಿ ರೆಕಾರ್ಡ್ ಮಾಡ್ಬಿಟ್ವಲ್ಲ!"

ಲಕ್ಷ್ಮಿದೇವಮ್ಮ ಮಂಚದ ಪಕ್ಕ ಕೂತು ಅತ್ತಳು. "ಕಂಪನೀನೂ ಇಲ್ಲ, ಟೇಪೂ ಇಲ್ಲ ಅತ್ತೆ. ಇನ್ಯಾರ್ಗೆ ನಿಮ್ ಮಾತು?" ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಮದುವೆಯಾಗಿ ಹೆಣ್ಣೊಪ್ಪಿಸುವ ಹೊತ್ತು ಬಂತು. ಸಿದ್ದಗಂಗಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಹೊಸಿಲ ಬಳಿ ತಂದರು. ಶೃತಿ ಅಜ್ಜಿಯ ಕಾಲಿಗೆ ಬಿದ್ದು ಎದ್ದಳು. ಪಕ್ಕದಲ್ಲೇ ಕೂತಿದ್ದ ಲಕ್ಷ್ಮಿದೇವಮ್ಮನಿಗೆ ತಡೆಯಲಾಗಲಿಲ್ಲ. ಅಂದು ಕಲಿತಿದ್ದ ಮೊದಲ ಸಾಲನ್ನು ಎತ್ತಿಕೊಂಡು, ಮುಂದಿನದಕ್ಕೆ ಅತ್ತೆಯ ಮುಖ ನೋಡಿದಳು. ಮುದುಕಿಯ ತುಟಿ ಅಲುಗಿತು. ಅವಳು ನೆಟ್ಟಗಿದ್ದ ಎಡಗೈಯನ್ನು ಮೆಲ್ಲಗೆ ಎತ್ತಿ ಸೊಸೆಯ ಬಾಯಿ ಮುಚ್ಚಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ತೆಗೆಯಲಿಲ್ಲ.

ಕೊನೆಗೆ ರಾಜಶ್ರೀ ಜೋಗುಳ ಎತ್ತಿಕೊಂಡಳು. ಸಿದ್ದಗಂಗಮ್ಮನ ಹಾಡುಗಳಲ್ಲಿ ಅಲ್ಲಿದ್ದವರಿಗೆಲ್ಲ ಬರುತ್ತಿದ್ದದ್ದು ಅದೊಂದೇ. ಗಂಡನ ಮನೆಗೆ ಹೊರಟ ಮಗಳನ್ನು ನಾವು ಜೋಗುಳ ಹಾಡಿ ಕಾರು ಹತ್ತಿಸಿದೆವು.