ಕೂರದ ಬಾಗಿಲು

ಮಿಷಿಗನ್ನಿನ ವೆಂಡೆಲ್ ಕೊವಾಲ್ಕೆ ಆರು ವರ್ಷದಿಂದ ಮನೆಯ ಗ್ಯಾರೇಜಿನಲ್ಲಿ ಅಪ್ಪನ ಹಳೆಯ ಸ್ಟೇಷನ್ ವ್ಯಾಗನ್ ಕಾರನ್ನು ರಿಪೇರಿ ಮಾಡುತ್ತಿದ್ದ. ಹಾಸಿಗೆ ಹಿಡಿದ ಅಪ್ಪನನ್ನು ಅದರ ಹಿಂಭಾಗದಲ್ಲಿ ಮಲಗಿಸಿಕೊಂಡು ಒಮ್ಮೆ ಸರೋವರದ ದಡಕ್ಕೆ ಹೋಗಬೇಕೆಂಬುದೊಂದೇ ಆಸೆ. ಆ ಆತುರದಲ್ಲಿ, ಗಾಡಿ ಬಾಗದಂತೆ ಹಿಡಿದಿಡುವ ಅಡ್ಡಕಂಬಿಯನ್ನು ಬಾಗಿಲ ಚೌಕಟ್ಟುಗಳಿಗೆ ಬೆಸೆಯದೆ, ತುಕ್ಕು ತಿಂದ ತಳದ ತಗಡನ್ನೆಲ್ಲ ಒಟ್ಟಿಗೇ ಕತ್ತರಿಸಿಬಿಟ್ಟ. ಗಾಡಿ ನಡು ಮುರಿದಂತೆ ಕುಸಿಯಿತು. ಎಷ್ಟು ಬಡಿದು ಮುಚ್ಚಿದರೂ ಬಾಗಿಲು ಚೌಕಟ್ಟಿನಲ್ಲಿ ಕೂರಲಿಲ್ಲ.

"ಅಡ್ಡಕಂಬಿ ಹಾಕ್ಲಿಲ್ವೇನೋ?" ಎಂದ ಪಕ್ಕದ ಮನೆಯ ಮುದುಕ ಆರ್ಲೊ.

"ಒಂದಿನ ಉಳಿಯತ್ತೆ ಅನ್ಕೊಂಡೆ."

"ದಿನ ಉಳೀತು, ಗಾಡಿ ಹೋಯ್ತು. ಇನ್ನು ಗುಜರಿಗೆ ಹಾಕು, ಮಾರಾಯ."

ಮನೆಯೊಳಗಿನಿಂದ ಅಪ್ಪನ ಕ್ಷೀಣ ದನಿ ಬಂತು: "ವೆಂಡೆಲ್, ಬಾಗಿಲು ಹಾಕಿದ ಸದ್ದು ಕೇಳ್ತು. ಮುಗೀತೇನೋ?"

"ಇನ್ನೇನು, ಆಯ್ತಪ್ಪಾ," ಎಂದ ವೆಂಡೆಲ್, ಅಪ್ಪನಿಗೆ ಕೇಳಲೆಂದು ಬಾಗಿಲನ್ನು ಇನ್ನೊಮ್ಮೆ ಜೋರಾಗಿ ಬಡಿದ. ಅದು ಮತ್ತೆ ತೆರೆದುಕೊಂಡಿತು.