ಉತ್ತರ ತುದಿಯ ಹನ್ನೊಂದು ಬೋಲ್ಟುಗಳು

2024ರ ಮಾರ್ಚ್ ತಿಂಗಳಲ್ಲಿ ನಾನು ಆಕ್ಲೆಂಡಿನ ಒಂದು ಸಣ್ಣ ಎಂಜಿನಿಯರಿಂಗ್ ಸಂಸ್ಥೆಯ ಪೀರ್ ರಿವ್ಯೂ ವಿಭಾಗದಲ್ಲಿ ಹಿರಿಯ ಎಂಜಿನಿಯರ್ ಆಗಿದ್ದೆ. ಬೇರೊಂದು ಸಂಸ್ಥೆ ‘ಇದು ಸುರಕ್ಷಿತ’ ಎಂದು ಸಹಿ ಹಾಕಿಕೊಟ್ಟ ಕಟ್ಟಡವನ್ನೋ ಸುರಂಗವನ್ನೋ ಹೊರಗಿನವರಾಗಿ ಹೋಗಿ ಮತ್ತೊಮ್ಮೆ ತಪಾಸಣೆ ಮಾಡುವುದು ನಮ್ಮ ಕೆಲಸ. ವೃತ್ತಿಯಲ್ಲಿ ಇಂಥ ನೂರಾರು ಕಡತಗಳನ್ನು ನೋಡಿದ್ದೇನೆ, ಹೆಚ್ಚಿನವು ಮರೆತೂ ಹೋಗಿವೆ. ಈ ಕಡತ ಬಂದ ದಿನ ಮಾತ್ರ ಮಧ್ಯಾಹ್ನದ ಊಟ ಬಿಟ್ಟು, ಮೊದಲ ಪುಟದ ಕೆಳಗಿದ್ದ ಸಹಿಯನ್ನೇ ನೋಡುತ್ತ ಕುಳಿತುಬಿಟ್ಟೆ.

ಕೆಲವು ವರ್ಷಗಳಿಂದ ಮುಚ್ಚಿದ್ದ ಒಂದು ನೆಲದಡಿಯ ರೈಲು ನಿಲ್ದಾಣದ ಕಡತ ಅದು. ಹೊಸ ಮಾರ್ಗ ಬಂದಮೇಲೆ ಅಲ್ಲಿ ರೈಲು ನಿಲ್ಲುವುದು ಬಿಟ್ಟಿತ್ತು. ಹಳೆಯ ಪ್ಲಾಟ್‌ಫಾರ್ಮು, ಟಿಕೆಟ್ ಕಿಟಕಿ, ಹಸಿರು ಟೈಲ್ಸಿನ ಗೋಡೆಗಳನ್ನೆಲ್ಲ ಸಾರ್ವಜನಿಕರಿಗೆ ತೋರಿಸುವ ಪ್ರವಾಸ ಆರಂಭಿಸಬೇಕೆಂದು ಮಾಲೀಕರು ಹೊರಟಿದ್ದರು. ನಿಲ್ದಾಣದ ಹೆಸರನ್ನೂ ಸಂಸ್ಥೆಗಳ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಸಹಿ ಹಾಕಿದವರನ್ನು ರವೀಂದ್ರ ಎಂದು ಕರೆಯುತ್ತೇನೆ. ಅವರಿಗೆ ಬಹುವಚನ ಬಳಸುವುದು ಹಳೆಯ ಅಭ್ಯಾಸದಿಂದ, ಗೌರವದಿಂದಲ್ಲ.

ಹನ್ನೊಂದು ವರ್ಷಗಳ ಹಿಂದೆ ಅವರು ನನ್ನ ಮೇಲಧಿಕಾರಿಯಾಗಿದ್ದರು. ಗದಗಿನಿಂದ ನಾನು, ನನ್ನ ಗಂಡ ಬಸವರಾಜ ಮತ್ತು ಆರು ವರ್ಷದ ಮಗಳು ಈ ದೇಶಕ್ಕೆ ಬಂದಿಳಿದಾಗ ವಿಮಾನ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋದವರು ಅವರೇ. ಸ್ಯಾಂಡ್ರಿಂಗಮ್ ಬಡಾವಣೆಯಲ್ಲಿ ನಮಗೆ ಬಾಡಿಗೆ ಮನೆ ಹುಡುಕಿಕೊಟ್ಟರು. ಬೆಂಗಳೂರಿನವರು, ಮೃದು ಮಾತಿನವರು. ಮೊದಲ ಭಾನುವಾರ ಅವರ ಮನೆಯಲ್ಲೇ ಊಟ ಮಾಡಿದೆವು. ನನ್ನ ಕೆಲಸದ ವೀಸಾ ಅವರ ಸಂಸ್ಥೆಗೇ ಕಟ್ಟಿಹಾಕಿದ್ದಾಗಿತ್ತು. ಆ ಕೆಲಸ ಹೋದರೆ ಇಲ್ಲಿ ಇರುವ ಹಕ್ಕೂ ಹೋಗುತ್ತದೆ ಎಂಬುದು ಆಗ ನಮಗೆ ದೊಡ್ಡ ಸಂಗತಿಯಾಗಿ ತೋರಲಿಲ್ಲ.

ಆಗ ಆ ನಿಲ್ದಾಣದಲ್ಲಿ ರೈಲುಗಳು ಓಡಾಡುತ್ತಿದ್ದವು. ಪ್ಲಾಟ್‌ಫಾರ್ಮಿನ ಮೇಲೆ ಕಾಂಕ್ರೀಟಿನ ತೆಳು ಪ್ಯಾನೆಲ್‌ಗಳ ಒಳಚಾವಣಿ ಇತ್ತು. ಒಂದೊಂದು ಪ್ಯಾನೆಲಿನ ತೂಕ ನೂರ ನಲವತ್ತು ಕಿಲೋ. ಸುರಂಗದ ಮೈಗೆ ಕೊರೆದು ಕೂರಿಸಿದ ನಾಲ್ಕು ಆ್ಯಂಕರ್ ಬೋಲ್ಟುಗಳು ಅದನ್ನು ಹಿಡಿದುಕೊಂಡಿರುತ್ತವೆ. ಉತ್ತರ ತುದಿಯಲ್ಲಿ ನೀರು ಜಿನುಗುತ್ತಿತ್ತು. ನಾನು ಏಣಿ ಹತ್ತಿ ಒಂದೊಂದೇ ಬೋಲ್ಟನ್ನು ನೋಡಿದೆ. ಹನ್ನೊಂದು ಬೋಲ್ಟುಗಳನ್ನು ತುಕ್ಕು ತಿಂದಿತ್ತು. ಅವನ್ನು ಬದಲಿಸುವ ತನಕ ಆ ಭಾಗದಡಿ ಯಾರೂ ನಿಲ್ಲಬಾರದು, ಕೆಲಸವನ್ನೂ ಮಾಡಬಾರದು ಎಂದು ವರದಿಯಲ್ಲಿ ಒಂದು ಪ್ಯಾರಾ ಬರೆದೆ. ರವೀಂದ್ರ ಅದನ್ನು ಓದಿ, ಒಳ್ಳೆಯ ಕೆಲಸ ಮಾಡಿದ್ದೀರಿ ಎಂದು ಹೊಗಳಿದರು. ಮಾಲೀಕರಿಗೆ ಹೋದ ಪ್ರತಿಯಲ್ಲಿ ಆ ಪ್ಯಾರಾ ಇರಲಿಲ್ಲ. ಪ್ಲಾಟ್‌ಫಾರ್ಮ್ ಮುಚ್ಚಿದರೆ ಅಲ್ಲಿ ನಡೆಯುತ್ತಿದ್ದ ದುರಸ್ತಿ ಕೆಲಸದ ಗಡುವು ತಪ್ಪುತ್ತಿತ್ತು, ಅಷ್ಟೇ ಕಾರಣ.

ಮೂರು ವಾರದ ನಂತರ ಒಂದು ಪ್ಯಾನೆಲ್ ಕಳಚಿ ಬಿತ್ತು. ಕೆಳಗೆ ದೀಪದ ತಂತಿ ಎಳೆಯುತ್ತಿದ್ದವನು ಸಿಯೊನೆ, ಟೋಂಗಾ ಮೂಲದ ಎಲೆಕ್ಟ್ರಿಷಿಯನ್. ನಾನು ಏಣಿಯ ಮೇಲಿದ್ದಾಗಲೆಲ್ಲ ಕೆಳಗೆ ನಿಂತು ಏಣಿ ಹಿಡಿದುಕೊಂಡು ಟಾರ್ಚ್ ಬೆಳಕು ಬಿಡುತ್ತಿದ್ದವನು. ಅವನ ಎಡಪಾದ ಜಜ್ಜಿಹೋಯಿತು. ವಿಚಾರಣೆಯಲ್ಲಿ ರವೀಂದ್ರ, ತುಕ್ಕಿನ ವಿಷಯ ತಪಾಸಣೆ ಮಾಡಿದ ಎಂಜಿನಿಯರ್ ತಮಗೆ ತಿಳಿಸಿರಲಿಲ್ಲ ಎಂದರು. ನನ್ನ ಕರಡು ಪ್ರತಿ ಆಫೀಸಿನ ಸರ್ವರಿನಲ್ಲಿತ್ತು. ಅದನ್ನು ತೆರೆಯುವ ನನ್ನ ಪಾಸ್‌ವರ್ಡನ್ನು ಅಂದು ಬೆಳಿಗ್ಗೆಯೇ ರದ್ದು ಮಾಡಿದ್ದರು.

ಕೆಲಸ ಹೋಯಿತು, ಜೊತೆಗೆ ವೀಸಾವೂ ಹೋಯಿತು. ಬಸವರಾಜನಿಗೆ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನರ್ಸ್ ಕೆಲಸ ಸಿಕ್ಕಿದ್ದರಿಂದ ಈ ದೇಶದಲ್ಲಿ ಉಳಿದೆವು. ನಾನು ನಾಲ್ಕು ಹಂಗಾಮು ಟೆ ಪುಕೆ ಎಂಬ ಊರಿನಲ್ಲಿ, ಹಣ್ಣು ವಿಂಗಡಿಸಿ ಪೆಟ್ಟಿಗೆಗೆ ತುಂಬುವ ಪ್ಯಾಕ್‌ಹೌಸಿನಲ್ಲಿ ಬೆಲ್ಟಿನ ಮುಂದೆ ನಿಂತು ಕಿವಿ ಹಣ್ಣು ಆರಿಸಿದೆ. ಮೆತ್ತಗಾದದ್ದು ಎಡಕ್ಕೆ, ಗಟ್ಟಿಯಾದದ್ದು ಮುಂದಕ್ಕೆ. ಕೈ ಹಣ್ಣಿನ ಮೇಲಿದ್ದರೂ ಮನಸ್ಸು ಆ ಪ್ಯಾರಾವನ್ನೇ ಮತ್ತೆ ಮತ್ತೆ ಬರೆಯುತ್ತಿತ್ತು. ಆಮೇಲೆ ಪರೀಕ್ಷೆಗಳನ್ನು ಬರೆದು, ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿ, ಮತ್ತೆ ಆಕ್ಲೆಂಡಿಗೆ ಬಂದೆ. ಬೇರೆಯವರು ಇದನ್ನು ಛಲ ಎಂದು ಕರೆದರು. ಅದು ಸೇಡು ಎಂಬುದು ನನಗೆ ಗೊತ್ತಿತ್ತು.

ಹೀಗಿರುವಾಗ ಆ ಕಡತ ನನ್ನ ಮೇಜಿಗೆ ಬಂತು. ಹಿಂದೆ ಆ ನಿಲ್ದಾಣದಲ್ಲಿ ಕೆಲಸ ಮಾಡಿದ್ದೆ ಎಂದು ನನ್ನ ಮ್ಯಾನೇಜರಿಗೆ ಹೇಳಿದೆ. ಅಲ್ಲಿಂದ ಹೇಗೆ ಹೊರಬಿದ್ದೆ ಎಂಬುದನ್ನು ಹೇಳಲಿಲ್ಲ. ಹೇಳಿದ್ದರೆ ಕಡತ ಬೇರೆಯವರ ಕೈಗೆ ಹೋಗುತ್ತಿತ್ತು.

ಈಗ ನಿರ್ದೇಶಕರಾಗಿದ್ದ ರವೀಂದ್ರ, ಎಲ್ಲ ಆ್ಯಂಕರ್ ಬೋಲ್ಟುಗಳನ್ನೂ ಅಪಘಾತದ ನಂತರ ಬದಲಿಸಲಾಗಿದೆ ಎಂದು ಪ್ರಮಾಣಪತ್ರ ಕೊಟ್ಟಿದ್ದರು. ಒಂದು ಮಂಗಳವಾರ ನಾನು ತಪಾಸಣೆಗೆ ಇಳಿದೆ. ತೆಳ್ಳನೆಯ ಕೊಳವೆಯ ತುದಿಯಲ್ಲಿ ಪುಟ್ಟ ಕ್ಯಾಮೆರಾ ಇರುವ ಬೋರ್‌ಸ್ಕೋಪ್ ಎಂಬ ಉಪಕರಣವನ್ನು ಪ್ಯಾನೆಲಿನ ರಂಧ್ರದಲ್ಲಿ ತೂರಿಸಿ ನೋಡಿದೆ. ದಕ್ಷಿಣ ಭಾಗದಲ್ಲಿ ಹೊಸ ಬೋಲ್ಟುಗಳಿದ್ದವು. ಉತ್ತರ ತುದಿಯಲ್ಲಿ, ಬಿದ್ದ ಪ್ಯಾನೆಲೊಂದನ್ನು ಬಿಟ್ಟರೆ, ಹಳೆಯವೇ ಇದ್ದವು. ತುಕ್ಕಿನ ಮೇಲೆ ಬೂದು ಬಣ್ಣ ಬಳಿದಿದ್ದರು. ಎಣಿಸಿದೆ. ಹನ್ನೊಂದರಲ್ಲಿ ಬಿದ್ದ ಪ್ಯಾನೆಲಿನ ನಾಲ್ಕು ಕಳೆದು ಏಳು ನನ್ನ ಹಳೆಯ ಪರಿಚಯದವು, ಜೊತೆಗೆ ಹೊಸದಾಗಿ ಕೆಟ್ಟವು ನಾಲ್ಕು. ಮತ್ತೆ ಹನ್ನೊಂದು.

ಇಂಥದ್ದು ಕಂಡರೆ ಅದೇ ದಿನ ಮಾಲೀಕರಿಗೆ ಲಿಖಿತ ಸೂಚನೆ ಕೊಟ್ಟು ಆ ಜಾಗವನ್ನು ಮುಚ್ಚಿಸಬೇಕು. ಅದು ನಮ್ಮ ವೃತ್ತಿಯ ಮೊದಲ ನಿಯಮ. ನಾನು ಫೋಟೊ ತೆಗೆದುಕೊಂಡು ಮೇಲೆ ಬಂದು, ವರದಿ ಸಿದ್ಧವಾಗಲು ಎರಡು ವಾರ ಬೇಕು ಎಂದಷ್ಟೇ ಹೇಳಿದೆ. ಏಕೆಂದರೆ ಒಂಬತ್ತು ದಿನಗಳ ನಂತರ, ಗುರುವಾರ, ಗಣ್ಯರಿಗೂ ಪತ್ರಕರ್ತರಿಗೂ ಒಂದು ಪೂರ್ವಭಾವಿ ಪ್ರವಾಸವಿತ್ತು. ನಡೆಸಿಕೊಡುವವರು ಸ್ವತಃ ರವೀಂದ್ರ. ತಪಾಸಣೆ ಮಾಡುವವಳಾಗಿ ನನಗೂ ಆಹ್ವಾನವಿತ್ತು. ಅವರ ಸುಳ್ಳನ್ನು ಕಾಗದದ ಮೇಲೆ ಹಿಡಿಯುವುದು ನನಗೆ ಸಾಲದಾಗಿತ್ತು, ಜನರ ಕಣ್ಣೆದುರು ಹಿಡಿಯಬೇಕಿತ್ತು.

ಅಂದು ಸಂಜೆ ಬಸವರಾಜನಿಗೆ ಎಲ್ಲವನ್ನೂ ಹೇಳಿದೆ. ಅವನಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ.

“ಕಂಡ ದಿನಾನ ಹೇಳಬೇಕಿತ್ತು ನೀ,” ಎಂದ ಅವನು. “ವಾರ್ಡಿನ್ಯಾಗ ಒಬ್ಬರ ಬಿ.ಪಿ. ಇಳದದ್ದು ಕಂಡ್ರ ನಾ ಒಂಬತ್ತು ದಿನ ಕಾಯತೇನೇನು?”

ಬೀಗ ಹಾಕಿದ ಜಾಗ ಅದು, ಅಲ್ಲಿಗೆ ಯಾರೂ ಹೋಗುವುದಿಲ್ಲ, ಪ್ರವಾಸದ ದಿನ ಉತ್ತರ ತುದಿ ಮುಟ್ಟುವ ಮೊದಲೇ ಎಲ್ಲರನ್ನೂ ನಿಲ್ಲಿಸುತ್ತೇನೆ ಎಂದು ವಾದಿಸಿದೆ. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಸಿಯೊನೆಯನ್ನು ಹುಡುಕಿ ಫೋನ್ ಮಾಡಿ, ನಿನಗೆ ನೋಡಲು ಖುಷಿಯಾಗುವಂಥದ್ದೊಂದು ಇದೆ, ಆ ಪ್ರವಾಸಕ್ಕೆ ನನ್ನ ಅತಿಥಿಯಾಗಿ ತಪ್ಪದೇ ಬಾ ಎಂದು ಕರೆದೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಹದಿನೆಂಟು ಜನ ಹೆಲ್ಮೆಟ್ ಹಾಕಿಕೊಂಡು ಸೇರಿದರು. ಕೋಲೂರಿಕೊಂಡು ಸಿಯೊನೆಯೂ ಬಂದಿದ್ದ. ಕಾರ್ಯಕ್ರಮದ ಪ್ರಕಾರ ದಕ್ಷಿಣದ ಮೆಟ್ಟಿಲಿನಿಂದ ಇಳಿಯಬೇಕಿತ್ತು. ಆದರೆ ಅಲ್ಲಿ ದೀಪಗಳು ಹತ್ತಲಿಲ್ಲ. ಪರವಾಗಿಲ್ಲ, ಉತ್ತರದಿಂದ ಇಳಿಯೋಣ ಎಂದು ರವೀಂದ್ರ ನಗುತ್ತ ಮುಂದೆ ನಡೆದರು. ಇಕ್ಕಟ್ಟಾದ ಮೆಟ್ಟಿಲು. ನಾನು ಸಾಲಿನ ಕೊನೆಯಲ್ಲಿದ್ದೆ. ನಾನು ಕೆಳಗೆ ಮುಟ್ಟುವ ಹೊತ್ತಿಗೆ ಎಲ್ಲರೂ ಆ ಪ್ಯಾನೆಲ್‌ಗಳ ಕೆಳಗೇ ನಿಂತು ಗೋಡೆಯ ಹಸಿರು ಟೈಲ್‌ಗಳ ಫೋಟೊ ತೆಗೆಯುತ್ತಿದ್ದರು.

ಆಗಲೇ ಕೂಗಬಹುದಿತ್ತು. ಕೂಗಲಿಲ್ಲ. ರವೀಂದ್ರ ಚಾವಣಿಯ ಕಡೆ ಕೈ ತೋರಿಸುತ್ತ, ಹಿಂದೆ ಇಲ್ಲೊಂದು ದುರದೃಷ್ಟಕರ ಅಪಘಾತ ಆಗಿತ್ತು ಎಂದು ಶುರುಮಾಡಿದ್ದರು. ಮುಂದಿನ ವಾಕ್ಯ ಯಾವುದೆಂದು ನನಗೆ ಗೊತ್ತಿತ್ತು. ಆ ಒಂದು ವಾಕ್ಯ ಅವರ ಬಾಯಿಂದ, ಎಲ್ಲರ ಮುಂದೆ ಬರಬೇಕಿತ್ತು. ಕಾದೆ. ಎರಡು ನಿಮಿಷವೋ ಮೂರು ನಿಮಿಷವೋ.

ಇಂದು ಈ ಚಾವಣಿಯ ಪ್ರತಿಯೊಂದು ಬೋಲ್ಟೂ ಹೊಸದು ಎಂದು ಅವರು ಹೇಳಿದರು.

ದಯವಿಟ್ಟು ಎಲ್ಲರೂ ಈ ಪ್ಯಾನೆಲ್‌ಗಳ ಅಡಿಯಿಂದ ದಕ್ಷಿಣದ ಕಡೆ ಸರಿಯಿರಿ, ಈಗಲೇ, ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಜನ ಗಲಿಬಿಲಿಯಿಂದ ಸರಿದರು. ಒಂಬತ್ತು ದಿನಗಳ ಹಿಂದೆ ತೆಗೆದ ಚಿತ್ರಗಳನ್ನು ಟ್ಯಾಬ್ಲೆಟ್ಟಿನಲ್ಲಿ ತೆರೆದು ಮೊದಲು ಮಾಲೀಕರ ಪ್ರತಿನಿಧಿಯ ಕೈಗೆ, ಆಮೇಲೆ ಪತ್ರಕರ್ತೆಯೊಬ್ಬಳ ಕೈಗೆ ಕೊಟ್ಟೆ. ತುಕ್ಕಿನ ಹೊಪ್ಪಳೆ, ಅದರ ಮೇಲಿನ ಬೂದು ಬಣ್ಣ, ಪ್ರತಿ ಬೋಲ್ಟಿನ ಸಂಖ್ಯೆ. ಟ್ಯಾಬ್ಲೆಟ್ ಕೈಯಿಂದ ಕೈಗೆ ದಾಟಿತು.

ರವೀಂದ್ರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಹೇಳಿದರು: “ಶೈಲಜಾ, ಎಲ್ಲರ ಮುಂದೆ ಬೇಡ. ಆಫೀಸಲ್ಲಿ ಕೂತು ಮಾತಾಡೋಣ.”

“ಅವತ್ತು ಆಫೀಸಿನ್ಯಾಗ ಮಾತಾಡಿದ್ವಲ್ಲ ಸರ್,” ಎಂದೆ. “ಆಮ್ಯಾಲ ಆ ಪ್ಯಾರಾ ಎಲ್ಲಿ ಹೋತು?”

ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಕಣ್ತುಂಬ ನೋಡಿದೆ. ಪ್ಯಾಕ್‌ಹೌಸಿನ ಬೆಲ್ಟಿನ ಮುಂದೆ ನಿಂತು ಊಹಿಸಿಕೊಂಡಿದ್ದಕ್ಕಿಂತ ಅದು ಚೆನ್ನಾಗಿತ್ತು. ಇದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ಎಲ್ಲರನ್ನೂ ದಕ್ಷಿಣದ ಕತ್ತಲ ಮೆಟ್ಟಿಲಿನಿಂದ ಟಾರ್ಚ್ ಹಿಡಿದು ಹೊರಗೆ ಕಳಿಸಿದೆವು. ಸಿಯೊನೆ ಮೆಲ್ಲನೆ ಹತ್ತುತ್ತಿದ್ದ, ನಾನು ಪಕ್ಕದಲ್ಲಿದ್ದೆ. ಅವನು ಏನಾದರೂ ಹೇಳುತ್ತಾನೆ, ಕೈ ಕುಲುಕುತ್ತಾನೆ ಎಂದು ಕಾಯುತ್ತಿದ್ದೆ. ಅರ್ಧ ಹತ್ತಿ ನಿಂತು, ಆ ಫೋಟೊ ಯಾವಾಗ ತೆಗೆದದ್ದು ಎಂದು ಕೇಳಿದ. ಹೋದ ವಾರದ ಮಂಗಳವಾರ ಎಂದೆ.

ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ: “ಅಂದರೆ ನಿನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನ ಕರೆಸಿ ಅದೇ ಜಾಗದಲ್ಲಿ ನಿಲ್ಲಿಸಿದೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಉತ್ತರಕ್ಕೂ ಕಾಯದೆ ಕೋಲೂರಿಕೊಂಡು ಉಳಿದ ಮೆಟ್ಟಿಲುಗಳನ್ನು ಒಬ್ಬನೇ ಹತ್ತಿ ಹೋದ.

ಮರುವಾರ ಕೆಲಸಗಾರರು ಜಾಕ್ ಕೊಟ್ಟು ಆ ಪ್ಯಾನೆಲ್‌ಗಳನ್ನು ಇಳಿಸಿದರು. ಹನ್ನೊಂದರಲ್ಲಿ ಎರಡು ಬೋಲ್ಟುಗಳಿಗೆ ಸ್ಪ್ಯಾನರ್ ಬೇಕಾಗಲಿಲ್ಲ, ಬರಿಗೈಗೇ ಕಿತ್ತು ಬಂದವು. ಆ ಸಾಲನ್ನು ವರದಿಯಲ್ಲಿ ಟೈಪ್ ಮಾಡಿ ಮತ್ತೊಮ್ಮೆ ಓದಿದೆ. ಹದಿನೆಂಟು ಜನ, ಮೂರು ನಿಮಿಷ.

ವಿಚಾರಣೆ ಐದು ತಿಂಗಳು ನಡೆಯಿತು. ಹಳೆಯ ಸರ್ವರಿನಿಂದ ನನ್ನ ಕರಡು ಸಿಕ್ಕಿತು, ಪ್ಯಾರಾ ಅಳಿಸಿದವರ ಹೆಸರೂ ಸಿಕ್ಕಿತು. ರವೀಂದ್ರ ನಿರ್ದೇಶಕ ಸ್ಥಾನ ಬಿಡಬೇಕಾಯಿತು, ಎಂಜಿನಿಯರ್ ಆಗಿ ಅವರ ನೋಂದಣಿಯೂ ರದ್ದಾಯಿತು. ಅದೇ ವಿಚಾರಣೆಯ ನಮೂನೆಯಲ್ಲಿ ನನಗೂ ಒಂದು ಪ್ರಶ್ನೆಯಿತ್ತು: ದೋಷ ಮೊದಲು ಕಂಡದ್ದು ಯಾವಾಗ? ತಪಾಸಣೆಯ ಫೋಟೊಗಳನ್ನು ಸರಿಯಾಗಿ ನೋಡಿದ್ದೇ ಪ್ರವಾಸದ ದಿನ ಎಂದು ಬರೆಯಬಹುದಿತ್ತು. ಅದು ಸುಳ್ಳೆಂದು ಸಿಯೊನೆ ಬಿಟ್ಟರೆ ಹೊರಗಿನ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಹೇಳುತ್ತಲೂ ಇರಲಿಲ್ಲ. ನಾನು ಮಂಗಳವಾರದ ತಾರೀಕನ್ನೇ ಬರೆದೆ. ಹಳೆಯ ಜಗಳವನ್ನು ಮುಚ್ಚಿಟ್ಟದ್ದನ್ನೂ ಬರೆದೆ. ನನಗೆ ಲಿಖಿತ ಎಚ್ಚರಿಕೆ ಬಂತು, ಒಂದು ವರ್ಷ ಸ್ವತಂತ್ರವಾಗಿ ಸಹಿ ಹಾಕುವ ಅಧಿಕಾರ ಹೋಯಿತು. ನನ್ನ ಮ್ಯಾನೇಜರ್ ಬಹಳ ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ.

ಆ ವರ್ಷದ ಕೊನೆಗೆ ಸ್ಯಾಂಡ್ರಿಂಗಮ್‌ನ ದಿನಸಿ ಅಂಗಡಿಯಲ್ಲಿ ರವೀಂದ್ರ ಎದುರಾದರು. ಸೊರಗಿದ್ದರು. ಜೋಳದ ಹಿಟ್ಟಿನ ಚೀಲ ಎತ್ತಿಕೊಳ್ಳುತ್ತಿದ್ದ ನನ್ನನ್ನು ಕಂಡು ನಿಂತರು.

“ಈಗ ಸಮಾಧಾನ ಆಯ್ತಾ ನಿಮಗೆ?”

“ಆತು ಸರ್,” ಎಂದೆ.

ಅದು ಸುಳ್ಳಲ್ಲ. ಅವರ ವಿಷಯದಲ್ಲಿ ನನಗೆ ಅಂದೂ ಮರುಕ ಹುಟ್ಟಲಿಲ್ಲ, ಇಂದೂ ಇಲ್ಲ. ಕ್ಷಮಿಸಿಬಿಡು ಎಂದು ಹಿತವರು ಹೇಳುತ್ತಾರೆ. ನನ್ನಿಂದಾಗದು.

ಸಿಯೊನೆಗೆ ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲ ಎತ್ತಿಕೊಂಡು, ಮನೆಯವರೆಲ್ಲ ಚೆನ್ನಾಗಿದ್ದಾರಾ ಎಂದು ವಿಚಾರಿಸಿ, ನಾನು ಕ್ಷಮೆ ಕೇಳುವುದನ್ನು ಪೂರ್ತಿ ಕೇಳಿಸಿಕೊಂಡು, ಆಗಲಿ ಎಂದು ಫೋನ್ ಇಟ್ಟ. ಆಮೇಲೆ ನಾನು ಮಾಡಲಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತರಬೇತಿ ಕೊಡುವಾಗ ಈ ಪ್ರಕರಣವನ್ನು ಈಗ ನಾನೇ ಹೇಳುತ್ತೇನೆ, ನನ್ನ ಹೆಸರು ಬಿಡದೆ. ದೋಷ ಕಂಡ ದಿನವೇ ಬರೆಯಿರಿ, ಅದನ್ನು ಯಾರು ಮಾಡಿದರು ಎಂದು ಆಮೇಲೆ ನೋಡಿಕೊಳ್ಳಿ ಎನ್ನುತ್ತೇನೆ. ರವೀಂದ್ರ ಗಡುವಿಗಾಗಿ ಬಾಯಿ ಮುಚ್ಚಿಕೊಂಡರು, ನಾನು ಸೇಡಿಗಾಗಿ ಮುಚ್ಚಿಕೊಂಡೆ. ಚಾವಣಿಯ ಕೆಳಗೆ ನಿಂತವರಿಗೆ ಎರಡೂ ಒಂದೇ.