ರಾಮಲಕ್ಷ್ಮಮ್ಮನವರ ಇನ್ನೊಂದು ದನಿ

ಕೆಂಪಾಪುರದ ರಾಮಲಕ್ಷ್ಮಮ್ಮ ಮಿಸ್ ಪಾಠ ಹೇಳಿದರೆ ಅದು ಅರ್ಧ ಹಾಡು. ದ್ರಾಕ್ಷಿ ತೋಟಗಳು ಸೈಟುಗಳಾಗುವ ಮೊದಲು ಅಲ್ಲಿ ಗಿಣಿ ಓಡಿಸುತ್ತ ಬೆಳೆದ ಗಂಟಲು ಅದು. ಒಂದನೇ ಕ್ಲಾಸಿನ ಎಷ್ಟೋ ಮಕ್ಕಳು ಆ ರಾಗ ಹಿಡಿದೇ ಅಕ್ಷರ ಕಲಿತಿದ್ದರು.

ಆಟಿಸಂ ಇದ್ದ ಪುಟ್ಟ ರಾಣಿಗೆ ಮಾತ್ರ ಆ ರಾಗ ಮುಳ್ಳು. ಮಿಸ್ ಬಾಯಿ ತೆರೆದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಪದಗಳ ಕಾರ್ಡು ಹಿಡಿದರೆ ತಳ್ಳಿಬಿಡುತ್ತಿದ್ದಳು.

೨೦೧೨ರಲ್ಲಿ ಶಾಲೆಗೆ ಓದು ಕಲಿಸುವ ಕಂಪ್ಯೂಟರ್ ಬಂತು. ಪರದೆಯಲ್ಲಿ ಮೂರು ಪದ ಮೂಡುತ್ತವೆ. ದನಿಯೊಂದು ಹೇಳಿದ ಪದವನ್ನು ಮಗು ಆರಿಸಬೇಕು. ಅದಕ್ಕೆ ಕನ್ನಡದ ದನಿ ಬೇಕಿತ್ತು. ಕಂಪ್ಯೂಟರ್ ನೋಡಿಕೊಳ್ಳುವ ರಘುನಾಥ್, ಮಿಸ್ ಮುಂದೆ ಮೈಕ್ ಇಟ್ಟ.

"ರಾಗ ಬೇಡ ಮಿಸ್. ಫೋನ್ ನಂಬರ್ ಹೇಳ್ದಂಗೆ ಹೇಳಿ."

"ಮೋ...ಡ."

"ಅಯ್ಯೋ, ಮಳೇನೇ ಬಂದ್ಬಿಡ್ತು! ಸಪ್ಪಗೆ ಮಿಸ್, ಸಪ್ಪಗೆ."

ಕೊನೆಗೆ ಗಾಳಿಯಿಲ್ಲದ ಕೆರೆಯಂಥ ದನಿಯೊಂದು ಹೊರಬಂತು. ಕಂಪ್ಯೂಟರಿನಿಂದ ಆ ದನಿ ಕೇಳಿದಾಗ ರಾಣಿ ಕಿವಿಯಿಂದ ಕೈ ತೆಗೆದಳು. ದಿನವೂ ಪರದೆಯೆದುರು ಕೂತು ಪದ ಆರಿಸತೊಡಗಿದಳು. ಪಕ್ಕದ ಕುರ್ಚಿಯಲ್ಲಿ ಕೂತ ಮಿಸ್ ಕಡೆ ಮಾತ್ರ ತಿರುಗಲಿಲ್ಲ.

"ನಿಂಗೆ ನೀನೇ ಸವತಿ ಆದ್ಯಲ್ಲೇ," ಎಂದು ಗಂಡ ಮುನಿವೆಂಕಟಯ್ಯ ನಕ್ಕರು. "ನಂಗೂ ಒಂದು ಕಾಪಿ ಕೊಡ್ಸು. ವಾಲ್ಯೂಮ್ ಕಮ್ಮಿ ಮಾಡ್ಬೋದು."

ರಾಮಲಕ್ಷ್ಮಮ್ಮನವರೂ ನಕ್ಕರು. ಆದರೆ ಒಂದೇ ಒಂದು ಪದವನ್ನಾದರೂ ಮಗು ತನ್ನ ಜೊತೆ ಓದಬೇಕೆಂಬ ಆಸೆ ಒಳಗೆ ಉಳಿದೇ ಇತ್ತು.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು. ರಾಣಿ ಮೇಜು ಬಡಿಯುತ್ತ ತೂಗಾಡತೊಡಗಿದಳು.

"ಬಂಗಾರೀ, ಬರುತ್ತೆ ಕಣೇ..." ಎಂದು ಮಿಸ್ ರಾಗ ತೆಗೆದಿದ್ದೇ ತಡ, ಕೈಗಳು ಕಿವಿಗೆ ಹೋದವು.

ಸಪ್ಪೆ ದನಿಯಲ್ಲಿ ಮಗುವನ್ನು ಮಾತಾಡಿಸಿದರೆ ಪ್ರೀತಿಯಿಲ್ಲದಂತೆ ಎಂದೇ ಅವರು ನಂಬಿದ್ದರು. ಈಗ ಬೇರೆ ದಾರಿ ಕಾಣಲಿಲ್ಲ. ಮೂರು ಕಾರ್ಡು ಮೇಜಿನ ಮೇಲಿಟ್ಟು, ಕಿಟಕಿಯಾಚೆ ನೋಡುತ್ತ, ಪೆಟ್ಟಿಗೆಯೊಳಗಿನ ಆ ದನಿಯಲ್ಲೇ ಅಂದರು:

"ಮೋಡ."

ತೂಗಾಟ ನಿಂತಿತು. ರಾಣಿ ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದಳು. ಸ್ಪೀಕರಿಗೆ ಕಿವಿಯಿಟ್ಟಳು.

"ಮೋಡ."

ಅವಳು ನಿಧಾನವಾಗಿ, ನಿದ್ದೆಯಲ್ಲಿ ನಡೆದು ಬಂದಂತೆ ಬಂದು, ಮಿಸ್ ಗಂಟಲ ಮೇಲೆ ಎರಡು ಬೆರಳಿಟ್ಟಳು.

"ಮೀನು," ಎಂದರು ರಾಮಲಕ್ಷ್ಮಮ್ಮ. ಬೆರಳ ಕೆಳಗೆ ಪದ ಸಣ್ಣಗೆ ನಡುಗಿತು. ರಾಣಿಯ ಇನ್ನೊಂದು ಕೈ ಮೇಜಿನತ್ತ ಹೋಗಿ, ಕಾರ್ಡುಗಳ ಮೇಲೆ ತಡವರಿಸಿ, ಮೀನು ಎಂದು ಬರೆದಿದ್ದನ್ನು ಎತ್ತಿಕೊಂಡಿತು.

ಶಭಾಷ್ ಎಂದು ಹಾಡಿಬಿಡಬೇಕೆನಿಸಿತು. ನುಂಗಿಕೊಂಡರು. ರಾಣಿ ಬೆರಳು ತೆಗೆಯದೆ ಮುಂದಿನ ಪದಕ್ಕೆ ಕಾಯುತ್ತಿದ್ದಳು.